ಸಾಲಗಾರ ಕಟ್ಟಲಿಲ್ಲ, ಜಾಮೀನು ನಿಂತ ಕಂಪನಿಗೆ ಬ್ಯಾಂಕ್ ನೋಟಿಸ್ ಬಂತು: ಮುಂದೆ ಏನು ಮಾಡಬೇಕು?

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಅಣ್ಣ, ಅತ್ತಿಗೆ ಇಬ್ಬರೇ ನಿರ್ದೇಶಕರು. ತಮ್ಮನದು ಬೇರೆ ವ್ಯಾಪಾರ, ಅದಕ್ಕೆ ಅವನೊಬ್ಬನೇ ಮಾಲೀಕ. ಅವನು ಬ್ಯಾಂಕಿನಲ್ಲಿ 2 ಕೋಟಿ ರೂಪಾಯಿಯ ಕ್ಯಾಶ್ ಕ್ರೆಡಿಟ್ (ಮಿತಿಯೊಳಗೆ ಬೇಕಾದಾಗ ತೆಗೆದು, ಕಟ್ಟುವ ಸಾಲ) ಕೇಳಿದ. ಬ್ಯಾಂಕಿನವರು ‘ನಿಮ್ಮಣ್ಣನ ಕಂಪನಿಯಿಂದ ಗ್ಯಾರಂಟಿ ಕೊಡಿಸಿ’ ಅಂದರು. ಮನೆಯವನು ಕೇಳಿದಾಗ ಇಲ್ಲ ಅನ್ನೋದು ಹೇಗೆ? ಕಂಪನಿಯ ಸೀಲು ಬಿತ್ತು, ಸಹಿ ಆಯಿತು. ಕೆಲವು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ತಮ್ಮನ ವ್ಯಾಪಾರ ಕುಸಿಯಿತು. 90 ದಿನ ಮೀರಿ ಬಾಕಿ ನಿಂತು ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಯಿತು. ಈಗ ಅಣ್ಣನ ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬಂದಿದೆ: 1 ಕೋಟಿ 80 ಲಕ್ಷ ಬಾಕಿ ಇದೆ, ಇಷ್ಟು ದಿನದೊಳಗೆ ಕಟ್ಟಿ.

ಸಣ್ಣ, ಮಧ್ಯಮ ಕಂಪನಿಗಳಲ್ಲಿ ಇದು ದಿನನಿತ್ಯ ನಡೆಯುವ ಕಥೆ. ಪತ್ರ ಬಂದಾಗ ಬಹಳಷ್ಟು ಜನ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಪತ್ರವನ್ನು ಫೈಲಿಗೆ ಸೇರಿಸಿ ಸುಮ್ಮನಿರುತ್ತಾರೆ, ಇಲ್ಲವೇ ಹೆದರಿ ಬ್ಯಾಂಕಿಗೆ ಓಡಿ ಕೇಳಿದ ಕಾಗದಕ್ಕೆಲ್ಲ ಸಹಿ ಹಾಕಿ ಬರುತ್ತಾರೆ. ಎರಡೂ ದುಬಾರಿ. ಜಾಮೀನು ನಿಂತ ಕಂಪನಿಗೆ ಹೊಣೆ ದೊಡ್ಡದು, ನಿಜ. ಆದರೆ ಅದಕ್ಕೆ ಹಕ್ಕುಗಳೂ ಇವೆ. ಆ ಹಕ್ಕುಗಳಲ್ಲಿ ಹೆಚ್ಚಿನವು ಸರಿಯಾದ ಹೊತ್ತಿಗೆ, ಬರಹದಲ್ಲಿ ಕೇಳಿದವರಿಗೆ ಮಾತ್ರ ಸಿಗುತ್ತವೆ.

ಮೊದಲ ಹೆಜ್ಜೆ: ಹೊಣೆ ಎಷ್ಟು ಅಂತ ತಿಳಿದುಕೊಳ್ಳಿ

‘ಮೊದಲು ಅವನ ಆಸ್ತಿ ಮಾರಿಕೊಳ್ಳಲಿ, ಸಾಲದೆ ಬಂದರೆ ಆಮೇಲೆ ನಮ್ಮ ಹತ್ತಿರ ಬರಲಿ’ ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಕರಾರಿನಲ್ಲೇ ಬೇರೆ ರೀತಿ ಬರೆದಿದ್ದರೆ ಮಾತ್ರ ಅದು ಬದಲಾಗುತ್ತದೆ. ಸಾಲಗಾರ ತಪ್ಪಿದ ಕ್ಷಣವೇ ಬ್ಯಾಂಕು ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಹುದು.

ಬಿಹಾರ ಬ್ಯಾಂಕ್ ಮತ್ತು ದಾಮೋದರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1968ರಷ್ಟು ಹಿಂದೆಯೇ ಖಚಿತಪಡಿಸಿದೆ. ಕೆಳಗಿನ ನ್ಯಾಯಾಲಯ ‘ಮೊದಲು ಸಾಲಗಾರನಿಂದ ವಸೂಲಿಗೆ ಪ್ರಯತ್ನಿಸಿ, ಆಮೇಲೆ ಜಾಮೀನುದಾರನ ಮೇಲೆ ಹೋಗಿ’ ಅಂತ ಷರತ್ತು ಹಾಕಿತ್ತು. ಸುಪ್ರೀಂ ಕೋರ್ಟ್ ಆ ಷರತ್ತನ್ನೇ ತೆಗೆದುಹಾಕಿತು. ಬ್ಯಾಂಕನ್ನು ಕಾಯಿಸಿದರೆ ಜಾಮೀನು ತೆಗೆದುಕೊಂಡ ಉದ್ದೇಶವೇ ಹಾಳಾಗುತ್ತದೆ ಅನ್ನುವುದು ಅದರ ವಾದ.

ಒಂದು ಸಮಾಧಾನವೂ ಇದೆ. ಕಂಪನಿ ಕಾನೂನಿನ ಕಣ್ಣಿಗೆ ಪ್ರತ್ಯೇಕ ವ್ಯಕ್ತಿ. ಜಾಮೀನು ಕೊಟ್ಟಿದ್ದು ಕಂಪನಿ ಮಾತ್ರ ಆಗಿದ್ದರೆ ಬ್ಯಾಂಕಿಗೆ ಕಂಪನಿಯ ಆಸ್ತಿ ಮಾತ್ರ ಸಿಗುತ್ತದೆ, ನಿರ್ದೇಶಕರ ಮನೆ ಸಿಗುವುದಿಲ್ಲ. ಆದರೆ ಬ್ಯಾಂಕುಗಳು ಅದೇ ದಿನ ಅದೇ ಮೇಜಿನ ಮೇಲೆ ನಿರ್ದೇಶಕರ ವೈಯಕ್ತಿಕ ಗ್ಯಾರಂಟಿಗೂ ಸಹಿ ಹಾಕಿಸಿಕೊಳ್ಳುವುದು ಸಾಮಾನ್ಯ. ಎಷ್ಟೋ ಜನರಿಗೆ ಅದು ನೆನಪೇ ಇರುವುದಿಲ್ಲ. ಹಾಗಾಗಿ ಸಹಿ ಹಾಕಿದ ಕಾಗದಗಳು ಎಷ್ಟು, ಯಾರ ಹೆಸರಿನಲ್ಲಿ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಎರಡನೇ ಹೆಜ್ಜೆ: ಗ್ಯಾರಂಟಿ ಪತ್ರವನ್ನು ಪೂರ್ತಿ ಓದಿ

ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೆ ಬ್ಯಾಂಕಿನಿಂದ ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ಎಂಟು ಹತ್ತು ಪುಟದ ಅಚ್ಚು ಹಾಕಿದ ನಮೂನೆ, ಸಣ್ಣ ಅಕ್ಷರ. ಬೇಸರದ ಓದು, ಆದರೆ ನಿಮ್ಮ ಕಂಪನಿಯ ಹಣೆಬರಹ ಅಲ್ಲಿದೆ. ಪೆನ್ಸಿಲ್ ಹಿಡಿದು ಕೂತು ಈ ಜಾಗಗಳಿಗೆ ಗುರುತು ಹಾಕಿ.

ಮೊದಲನೆಯದು ಮೊತ್ತ. ‘ಬಾಕಿ ಇರುವ ಎಲ್ಲ ಹಣ’ ಅಂತ ಇದೆಯೇ, ಇಲ್ಲ ‘ಗರಿಷ್ಠ 2 ಕೋಟಿ’ ಅಂತ ಮಿತಿ ಇದೆಯೇ? ಮಿತಿ ಇದ್ದರೂ ಅದರ ಪಕ್ಕದಲ್ಲೇ ‘ಮತ್ತು ಬೇಡಿಕೆಯ ದಿನದಿಂದ ಬಡ್ಡಿ, ಖರ್ಚುವೆಚ್ಚ’ ಅನ್ನುವ ಸಾಲು ಇರಬಹುದು. ಆಗ ಮಿತಿ ಅಸಲಿಗೆ ಮಾತ್ರ, ಬಡ್ಡಿ ಮೇಲಿಂದ ಬೆಳೆಯುತ್ತದೆ.

ಎರಡನೆಯದು, ಇದು ಒಂದೇ ಸಾಲಕ್ಕೆ ಕೊಟ್ಟ ಜಾಮೀನೋ ಅಥವಾ ಮುಂದುವರಿಯುವ ಜಾಮೀನೋ ಅನ್ನುವುದು. ಕ್ಯಾಶ್ ಕ್ರೆಡಿಟ್, ಓವರ್‌ಡ್ರಾಫ್ಟ್‌ನಂಥ ಖಾತೆಗೆ ಸಾಮಾನ್ಯವಾಗಿ ಮುಂದುವರಿಯುವ ಜಾಮೀನನ್ನೇ ತೆಗೆದುಕೊಳ್ಳುತ್ತಾರೆ. ತಮ್ಮ ಮಧ್ಯೆ ಒಂದು ದಿನ ಖಾತೆಯನ್ನು ಸೊನ್ನೆಗೆ ತಂದಿದ್ದರೂ ಜಾಮೀನು ಮುಗಿಯುವುದಿಲ್ಲ. ಮತ್ತೆ ಅವನು ಹಣ ತೆಗೆದರೆ ಅದಕ್ಕೂ ನಿಮ್ಮ ಕಂಪನಿ ಹೊಣೆ.

ಮೂರನೆಯದು ‘ಬೇಡಿಕೆ ಬಂದಾಗ ಕೊಡುತ್ತೇವೆ’ ಅನ್ನುವ ಮಾತು. ಇದು ಬ್ಯಾಂಕು ಕೇಸ್ ಹಾಕಬೇಕಾದ ಅವಧಿಯ ಲೆಕ್ಕಕ್ಕೆ ಬೇಕು, ಮುಂದೆ ಹೇಳುತ್ತೇನೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕರಾರು ಕಾಯ್ದೆ ಜಾಮೀನುದಾರನಿಗೆ ಕೊಟ್ಟ ರಕ್ಷಣೆಗಳನ್ನು, ಅಂದರೆ 133, 134, 135, 139, 141ನೇ ಕಲಮುಗಳ ಹಕ್ಕುಗಳನ್ನು, ‘ನಾವು ಬಿಟ್ಟುಕೊಡುತ್ತೇವೆ’ ಅಂತ ಒಂದು ಪ್ಯಾರಾ ಇರುತ್ತದೆ. ಬ್ಯಾಂಕುಗಳ ನಮೂನೆಗಳಲ್ಲಿ ಇದು ಇಲ್ಲದೇ ಇರುವುದೇ ಅಪರೂಪ. ಒಪ್ಪಿ ಸಹಿ ಹಾಕಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಅದಕ್ಕೆ ಬೆಲೆ ಕೊಡುತ್ತವೆ. ಸಣ್ಣ ಕಂಪನಿಗಳಿಗೆ ಈ ಪ್ಯಾರಾ ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾನೂನು ಕೊಟ್ಟ ಬಾಗಿಲುಗಳನ್ನೆಲ್ಲ ಒಂದೇ ವಾಕ್ಯ ಮುಚ್ಚಿಬಿಡುತ್ತದೆ, ಸಹಿ ಹಾಕುವವರಿಗೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆದರೂ ಓದದೆ ಕೈಚೆಲ್ಲಬೇಡಿ. ಯಾವ ಹಕ್ಕು ಬಿಟ್ಟುಕೊಟ್ಟಿದ್ದೀರಿ, ಯಾವುದು ಉಳಿದಿದೆ ಅನ್ನುವುದು ಪ್ರತಿ ಬ್ಯಾಂಕಿನ ನಮೂನೆಯಲ್ಲಿ ಸ್ವಲ್ಪ ಬೇರೆಬೇರೆ ಇರುತ್ತದೆ.

ಮೂರನೇ ಹೆಜ್ಜೆ: ಕಂಪನಿ ಈ ಜಾಮೀನು ಕೊಡಬಹುದಿತ್ತೇ?

ಮನುಷ್ಯ ತನ್ನ ಇಷ್ಟದಂತೆ ಜಾಮೀನು ನಿಲ್ಲಬಹುದು. ಕಂಪನಿಗೆ ಆ ಸ್ವಾತಂತ್ರ್ಯ ಇಲ್ಲ. 2013ರ ಕಂಪನಿ ಕಾಯ್ದೆಯ ಎರಡು ಕಲಮುಗಳನ್ನು ನೋಡಬೇಕು.

186ನೇ ಕಲಂ ಮೊತ್ತಕ್ಕೆ ಮಿತಿ ಹಾಕುತ್ತದೆ. ಪಾವತಿಯಾದ ಷೇರು ಬಂಡವಾಳ, ಮುಕ್ತ ಮೀಸಲು (ಲಾಭಾಂಶ ಹಂಚಲು ಬಳಸಬಹುದಾದ ಉಳಿಕೆ ಹಣ), ಷೇರು ಪ್ರೀಮಿಯಂ (ಷೇರಿನ ಮುಖಬೆಲೆಗಿಂತ ಹೆಚ್ಚಾಗಿ ಪಡೆದ ಹಣ) ಸೇರಿ ಅದರ 60 ಶೇಕಡಾ ಒಂದು ಲೆಕ್ಕ. ಮುಕ್ತ ಮೀಸಲು ಮತ್ತು ಪ್ರೀಮಿಯಂನ 100 ಶೇಕಡಾ ಇನ್ನೊಂದು ಲೆಕ್ಕ. ಎರಡರಲ್ಲಿ ಯಾವುದು ಜಾಸ್ತಿಯೋ ಅದು ಮಿತಿ. ನಮ್ಮ ಪೀಣ್ಯದ ಕಂಪನಿಯ ಬಂಡವಾಳ 20 ಲಕ್ಷ, ಮುಕ್ತ ಮೀಸಲು 1 ಕೋಟಿ, ಪ್ರೀಮಿಯಂ ಏನೂ ಇಲ್ಲ ಅನ್ನಿ. ಮೊದಲ ಲೆಕ್ಕದಲ್ಲಿ 72 ಲಕ್ಷ, ಎರಡನೆಯದರಲ್ಲಿ 1 ಕೋಟಿ. ಮಿತಿ 1 ಕೋಟಿ. ಕೊಟ್ಟಿರುವ ಜಾಮೀನು 2 ಕೋಟಿಗೆ. ಅಂದರೆ ಷೇರುದಾರರ ವಿಶೇಷ ನಿರ್ಣಯ ಬೇಕಿತ್ತು. ಮಿತಿಯ ಒಳಗಿದ್ದರೂ ಮಂಡಳಿಯ ಸಭೆಯಲ್ಲಿ ಹಾಜರಿದ್ದ ಎಲ್ಲ ನಿರ್ದೇಶಕರ ಒಪ್ಪಿಗೆಯ ನಿರ್ಣಯ ಬೇಕೇ ಬೇಕು.

185ನೇ ಕಲಂ ಇನ್ನೂ ಬಿಗಿ. ನಿರ್ದೇಶಕರು, ಅವರ ಹತ್ತಿರದ ಸಂಬಂಧಿಕರು, ಅವರು ಪಾಲುದಾರರಾಗಿರುವ ಫರ್ಮ್ ತೆಗೆದುಕೊಂಡ ಸಾಲಕ್ಕೆ ಕಂಪನಿ ಜಾಮೀನು ನಿಲ್ಲುವಂತೆಯೇ ಇಲ್ಲ. ಸಂಬಂಧಿಕರ ಪಟ್ಟಿಯಲ್ಲಿ ತಮ್ಮನೂ ಬರುತ್ತಾನೆ. ಹಾಗಾಗಿ ನಮ್ಮ ಉದಾಹರಣೆಯ ಜಾಮೀನೇ ತೊಡಕಿನದು. ಕೆಲವು ಪ್ರೈವೇಟ್ ಕಂಪನಿಗಳಿಗೆ 2015ರ ಅಧಿಸೂಚನೆಯಿಂದ ವಿನಾಯಿತಿ ಇದೆ. ಷೇರು ಬಂಡವಾಳದಲ್ಲಿ ಬೇರೆ ಕಂಪನಿಯ ಹಣ ಇರಬಾರದು. ಕಂಪನಿಯ ಸ್ವಂತ ಸಾಲ ಬಂಡವಾಳದ ಎರಡು ಪಟ್ಟು ಅಥವಾ 50 ಕೋಟಿ, ಎರಡರಲ್ಲಿ ಕಡಿಮೆ ಇರುವುದಕ್ಕಿಂತ ಕೆಳಗಿರಬೇಕು. ಆ ಸಾಲದಲ್ಲಿ ಬಾಕಿ ಇರಬಾರದು. ಈ ಮೂರನ್ನೂ ನಿಮ್ಮ ಕಂಪನಿ ಸೆಕ್ರೆಟರಿ ಹತ್ತಿರ ಕೂತು ನೋಡಿ.

ಇಲ್ಲಿ ಒಂದು ಎಚ್ಚರಿಕೆ. ನಿರ್ಣಯ ಸರಿ ಇರಲಿಲ್ಲ ಅಂದ ಮಾತ್ರಕ್ಕೆ ಬ್ಯಾಂಕಿನ ಮುಂದೆ ಜಾಮೀನು ತಾನಾಗಿ ಬಿದ್ದುಹೋಗುವುದಿಲ್ಲ. ಒಳಗಿನ ಸಭೆ, ನಿರ್ಣಯಗಳು ಸರಿಯಾಗಿ ನಡೆದಿವೆ ಅಂತ ನಂಬುವ ಹಕ್ಕು ಹೊರಗಿನವರಿಗೆ ಇದೆ ಅಂತ ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುತ್ತವೆ. ಅದೂ ಅಲ್ಲದೆ ಈ ತಪ್ಪಿಗೆ ದಂಡ ಬೀಳುವುದು ಕಂಪನಿಯ ಮೇಲೆ, ನಿರ್ದೇಶಕರ ಮೇಲೆ. ಆದ್ದರಿಂದ ವಕೀಲರನ್ನು ಕೇಳದೆ ಈ ವಿಷಯವನ್ನು ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಎತ್ತಬೇಡಿ.

ನಾಲ್ಕನೇ ಹೆಜ್ಜೆ: ಲೆಕ್ಕ ಮತ್ತು ದಾಖಲೆ ಕೇಳಿ

ನೋಟಿಸ್ ಬಂದ ಒಂದೆರಡು ವಾರದೊಳಗೆ ಉತ್ತರ ಕಳಿಸಿ. ಉತ್ತರದಲ್ಲಿ ವಾದಕ್ಕಿಂತ ಪ್ರಶ್ನೆ ಜಾಸ್ತಿ ಇರಲಿ. ಖಾತೆ ತೆರೆದ ದಿನದಿಂದ ಇಂದಿನವರೆಗಿನ ಲೆಕ್ಕಪಟ್ಟಿ ಕೇಳಿ. ಮೊದಲ ಮಂಜೂರಾತಿ ಪತ್ರ, ಆಮೇಲಿನ ಪ್ರತಿ ನವೀಕರಣದ ಪತ್ರ ಕೇಳಿ. ಬಡ್ಡಿ ದರ ಯಾವಾಗ, ಎಷ್ಟು ಬದಲಾಯಿತು ಅನ್ನುವುದನ್ನು ಕೇಳಿ. ತಮ್ಮ ಕೊಟ್ಟ ಅಡಮಾನ, ಒತ್ತೆಗಳ ಪಟ್ಟಿ, ಅವುಗಳ ಈಗಿನ ಸ್ಥಿತಿ, ವಿಮೆ, ಬ್ಯಾಂಕ್ ಮಾಡಿದ ಸರಕು ತಪಾಸಣೆಯ ವರದಿ, ಇವನ್ನೂ ಕೇಳಿ. ಬೇರೆ ಯಾರಾದರೂ ಜಾಮೀನು ನಿಂತಿದ್ದಾರೆಯೇ ಅನ್ನುವುದನ್ನು ಮರೆಯದೆ ಕೇಳಿ.

‘ನಮ್ಮ ಹಕ್ಕುಗಳಿಗೆ ಧಕ್ಕೆ ಬಾರದಂತೆ ಈ ಪತ್ರ ಬರೆಯುತ್ತಿದ್ದೇವೆ’ ಅನ್ನುವ ಸಾಲು ಮೇಲೆಯೇ ಇರಲಿ. ‘ಬಾಕಿ ಇರುವುದು ನಿಜ, ಸ್ವಲ್ಪ ಸಮಯ ಕೊಡಿ’ ಅಂತ ಒಳ್ಳೆಯ ಮನಸ್ಸಿನಿಂದ ಬರೆದ ಒಂದು ವಾಕ್ಯ ಸಾಲವನ್ನು ಒಪ್ಪಿಕೊಂಡ ದಾಖಲೆಯಾಗುತ್ತದೆ. ಅವಧಿ ಇನ್ನೂ ಮುಗಿಯದಿದ್ದರೆ ಅಂದಿನಿಂದ ಹೊಸ ಅವಧಿ ಶುರು. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಬರೆದ ಸಾಲೂ ಒಪ್ಪಿಗೆ ಆಗಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿ, ಇಬ್ಬರೂ ಬೇರೆಬೇರೆ ಬರೆದರೆ ತೊಂದರೆ.

ಐದನೇ ಹೆಜ್ಜೆ: ಹೊಣೆ ಕಡಿಮೆಯಾಗುವ ದಾರಿ ಇದೆಯೇ ನೋಡಿ

ದಾಖಲೆ ಕೈಗೆ ಬಂದ ಮೇಲೆ ಈ ಪ್ರಶ್ನೆಗಳನ್ನು ಹಾಕಿಕೊಳ್ಳಿ.

ನಿಮ್ಮನ್ನು ಕೇಳದೆ ಸಾಲದ ಷರತ್ತು ಬದಲಿಸಿದರೇ? 133ನೇ ಕಲಂ ಪ್ರಕಾರ ಹಾಗೆ ಬದಲಿಸಿದ ನಂತರದ ವ್ಯವಹಾರಗಳಿಗೆ ಜಾಮೀನುದಾರ ಹೊಣೆಯಲ್ಲ. ತಮ್ಮನ ಮಿತಿಯನ್ನು 2 ಕೋಟಿಯಿಂದ 3 ಕೋಟಿಗೆ ಏರಿಸಿದಾಗ ನಿಮ್ಮ ಸಹಿ ತೆಗೆದುಕೊಂಡಿದ್ದರೇ? ನವೀಕರಣದ ಪತ್ರಗಳಲ್ಲಿ ಇದೇ ಸಿಗುವುದು.

ಬ್ಯಾಂಕು ತಮ್ಮನ ಜೊತೆ ರಾಜಿ ಮಾಡಿಕೊಂಡು ಸಮಯ ಕೊಡುವುದಾಗಿ, ಕೇಸ್ ಹಾಕುವುದಿಲ್ಲವೆಂದು ಕರಾರು ಮಾಡಿಕೊಂಡಿತೇ? ನಿಮ್ಮ ಒಪ್ಪಿಗೆ ಇಲ್ಲದೆ ಹಾಗೆ ಮಾಡಿದ್ದರೆ 135ನೇ ಕಲಂ ಜಾಮೀನುದಾರನನ್ನು ಬಿಡುಗಡೆ ಮಾಡುತ್ತದೆ. ಸುಮ್ನೆ ಕೇಸ್ ಹಾಕದೆ ಕೂತಿದ್ದರೆ ಅದು ಲೆಕ್ಕಕ್ಕಿಲ್ಲ, 137ನೇ ಕಲಂ ಅದನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಒಬ್ಬ ಸಹ ಜಾಮೀನುದಾರನನ್ನು ಬಿಟ್ಟುಬಿಟ್ಟರೆ ಉಳಿದವರು ಬಿಡುಗಡೆಯಾಗುವುದೂ ಇಲ್ಲ.

ಸಾಲಗಾರ ಕೊಟ್ಟ ಭದ್ರತೆಯನ್ನು ಬ್ಯಾಂಕು ಕಳೆದುಕೊಂಡಿತೇ, ನಿಮ್ಮನ್ನು ಕೇಳದೆ ಬಿಟ್ಟುಕೊಟ್ಟಿತೇ? 141ನೇ ಕಲಂ ಪ್ರಕಾರ ಆ ಭದ್ರತೆಯ ಬೆಲೆಯಷ್ಟು ನಿಮ್ಮ ಹೊಣೆ ಇಳಿಯುತ್ತದೆ. ಭದ್ರತೆ ಇತ್ತು ಅಂತ ನಿಮಗೆ ಗೊತ್ತಿರಲೇಬೇಕು ಅಂತಲೂ ಇಲ್ಲ. ಅಮೃತಲಾಲ್ ಗೋವರ್ಧನ್ ಲಾಲನ್ ಮತ್ತು ತಿರುವಾಂಕೂರು ಸ್ಟೇಟ್ ಬ್ಯಾಂಕ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಯಾಂಕಿಗೆ ಒತ್ತೆಯಿಟ್ಟ ಸರಕಿನಲ್ಲಿ 35,690 ರೂಪಾಯಿ ಬೆಲೆಯ ಸರಕು ಕಡಿಮೆ ಬಂತು. ಸುಪ್ರೀಂ ಕೋರ್ಟ್ 1968ರಲ್ಲಿ ಜಾಮೀನುದಾರನ ಹೊಣೆಯಿಂದ ಅಷ್ಟು ಮೊತ್ತವನ್ನು ಕಳೆಯಿತು. ಸರಕು ಬ್ಯಾಂಕಿನ ವಶದಲ್ಲಿದ್ದಾಗ ಈ ವಾದ ಗಟ್ಟಿ. ಇವತ್ತಿನ ಬಹುಪಾಲು ಕ್ಯಾಶ್ ಕ್ರೆಡಿಟ್ ಖಾತೆಗಳಲ್ಲಿ ಸರಕು ಸಾಲಗಾರನ ಗೋದಾಮಿನಲ್ಲೇ ಇರುತ್ತದೆ. ಆಗ ವಾದ ಸಪ್ಪೆಯಾಗುತ್ತದೆ, ಆದರೂ ಬ್ಯಾಂಕು ತನ್ನ ಕರ್ತವ್ಯ ತಪ್ಪಿದ್ದನ್ನು 139ನೇ ಕಲಂ ಅಡಿ ಎತ್ತಬಹುದು.

ಈ ಎಲ್ಲ ರಕ್ಷಣೆಗಳೂ ಎರಡನೇ ಹೆಜ್ಜೆಯಲ್ಲಿ ಹೇಳಿದ ಆ ಪ್ಯಾರಾಕ್ಕೆ ತಲೆಬಾಗುತ್ತವೆ. ಉಳಿಯುವ ಒಂದು ಬಾಗಿಲು 142, 143ನೇ ಕಲಮುಗಳದು. ಮುಖ್ಯ ಸಂಗತಿಯನ್ನು ಬ್ಯಾಂಕು ಸುಳ್ಳು ಹೇಳಿ ಅಥವಾ ಬಚ್ಚಿಟ್ಟು ಜಾಮೀನು ಪಡೆದಿದ್ದರೆ ಆ ಜಾಮೀನೇ ಅಸಿಂಧು. ಸಾಬೀತು ಮಾಡುವ ಭಾರ ಮಾತ್ರ ನಿಮ್ಮದು.

ಇನ್ನು ಅವಧಿ. ಸಾಲ ವಸೂಲಿಗೆ ಸಾಮಾನ್ಯ ಅವಧಿ 3 ವರ್ಷ. ಜಾಮೀನುದಾರನ ವಿಷಯದಲ್ಲಿ ಅದು ಎಂದಿನಿಂದ ಶುರುವಾಗುತ್ತದೆ ಅನ್ನುವ ಪ್ರಶ್ನೆಯನ್ನು ನಮ್ಮ ಮಣಿಪಾಲದ ಸಿಂಡಿಕೇಟ್ ಬ್ಯಾಂಕಿನ ಪ್ರಕರಣವೇ 2006ರಲ್ಲಿ ಬಗೆಹರಿಸಿತು. ಸಿಂಡಿಕೇಟ್ ಬ್ಯಾಂಕ್ ಮತ್ತು ಚನ್ನವೀರಪ್ಪ ಬೆಲೇರಿ ಪ್ರಕರಣದ ತೀರ್ಪು ಹೀಗಿದೆ: ‘ಬೇಡಿಕೆ ಬಂದಾಗ ಕೊಡುತ್ತೇವೆ’ ಅಂತ ಗ್ಯಾರಂಟಿ ಪತ್ರದಲ್ಲಿದ್ದರೆ, ಬ್ಯಾಂಕು ಬೇಡಿಕೆ ಇಟ್ಟು ನೀವು ಕೊಡದೇ ಹೋದಾಗಿನಿಂದ ಅವಧಿ ಶುರು. ಆದರೆ ಬೇಡಿಕೆ ಇಡುವ ದಿನ ಸಾಲಗಾರನ ಮೇಲಿನ ಹಕ್ಕು ಬ್ಯಾಂಕಿಗೆ ಜೀವಂತವಾಗಿರಬೇಕು. ತಮ್ಮನ ಕೊನೆಯ ಪಾವತಿ, ಕೊನೆಯ ಒಪ್ಪಿಗೆ ಪತ್ರದ ತಾರೀಖನ್ನು ಹುಡುಕಬೇಕಾದ್ದು ಇದಕ್ಕೇ.

ಆರನೇ ಹೆಜ್ಜೆ: ಬಂದಿರುವುದು ಯಾವ ನೋಟಿಸ್?

ಕಂಪನಿ ತನ್ನ ಜಾಗವನ್ನೋ ಶೆಡ್ಡನ್ನೋ ಅಡಮಾನ ಇಟ್ಟಿದ್ದರೆ ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ಹಿಡಿದು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಬರಬಹುದು. 60 ದಿನ ಸಮಯ. ಅಷ್ಟರೊಳಗೆ ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು. ಸಾಲಗಾರನ ಆಸ್ತಿಯನ್ನು ಮೊದಲು ಹಿಡಿಯಬೇಕು ಅನ್ನುವ ನಿಯಮ ಇಲ್ಲೂ ಇಲ್ಲ. 13(4)ರ ಅಡಿ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬೇಕು. ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2016ರ ತಿದ್ದುಪಡಿಗೆ ಮೊದಲು ಮಾರಾಟದವರೆಗೂ ಅವಕಾಶವಿತ್ತು. ಅದನ್ನೇ ನಂಬಿ ಕೂರಬೇಡಿ.

ಅಡಮಾನ ಇಲ್ಲದೆ ಬರೀ ಗ್ಯಾರಂಟಿ ಕೊಟ್ಟಿದ್ದರೆ ಸರ್ಫೇಸಿ ಕಾಯ್ದೆಯಡಿ ನಿಮ್ಮ ಆಸ್ತಿ ಹಿಡಿಯಲಾಗದು. ಬಾಕಿ 20 ಲಕ್ಷ ಅಥವಾ ಹೆಚ್ಚಿದ್ದರೆ ಬ್ಯಾಂಕು ಡಿಆರ್‌ಟಿಯಲ್ಲಿ ಅರ್ಜಿ ಹಾಕುತ್ತದೆ. ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ತಪ್ಪಿದರೆ ಹೆಚ್ಚೆಂದರೆ ಇನ್ನು 15 ದಿನ.

ಮೂರನೆಯದು ದಿವಾಳಿ ಸಂಹಿತೆ. ಕಂಪನಿ ಜಾಮೀನುದಾರರು ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಇದಕ್ಕೆ. 2016ರ ಈ ಕಾನೂನಿನಲ್ಲಿ ಸಾಲಕ್ಕೆ ಕೊಟ್ಟ ಗ್ಯಾರಂಟಿಯೂ ಹಣಕಾಸಿನ ಸಾಲವೇ. ಬಾಕಿ 1 ಕೋಟಿ ಮುಟ್ಟಿದರೆ ಬ್ಯಾಂಕು 7ನೇ ಕಲಂ ಅಡಿ ಜಾಮೀನು ನಿಂತ ಕಂಪನಿಯ ಮೇಲೆಯೇ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಟಿಗೆ ಹೋಗಬಹುದು. ‘ತಮ್ಮನದು ಕಂಪನಿಯೇ ಅಲ್ಲ, ಒಬ್ಬನ ವ್ಯಾಪಾರ, ಅವನ ಮೇಲೆ ಈ ಕಾನೂನು ನಡೆಯುವುದಿಲ್ಲ, ಹಾಗಾದರೆ ನಮ್ಮ ಮೇಲೆ ಹೇಗೆ?’ ಅಂತ ಕೇಳಬಹುದು. ಲಕ್ಷ್ಮೀಪತ್ ಸುರಾನಾ ಮತ್ತು ಯೂನಿಯನ್ ಬ್ಯಾಂಕ್ ಪ್ರಕರಣದಲ್ಲಿ ಇದೇ ಪ್ರಶ್ನೆ ಬಂತು. ಸಾಲ ಒಬ್ಬನ ಮಾಲೀಕತ್ವದ ವ್ಯಾಪಾರದ್ದು, ಜಾಮೀನು ಕಂಪನಿಯದು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಜಾಮೀನು ನಿಂತ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ನಡೆಸಬಹುದು.

ಅರ್ಜಿ ಅಂಗೀಕಾರವಾದ ದಿನವೇ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತು. ಕಂಪನಿಯ ಚೆಕ್ಕಿಗೆ ಸಹಿ ಹಾಕುವುದು ಬೇರೆಯವರ ಕೈಗೆ ಹೋಗುತ್ತದೆ. ಸಾಲ ಕೊಟ್ಟವರ ಸಮಿತಿ ರಚನೆಯಾದ ಮೇಲೆ ಅರ್ಜಿ ವಾಪಸ್ ಪಡೆಯಲು ಆ ಸಮಿತಿಯ 90 ಶೇಕಡಾ ಮತ ಬೇಕು. ಚೆನ್ನಾಗಿ ನಡೆಯುತ್ತಿರುವ, ಸ್ವಂತ ಸಾಲ ಒಂದು ಪೈಸೆ ಬಾಕಿ ಇಲ್ಲದ ಕಂಪನಿಯೂ ಹೀಗೆ ಕೈತಪ್ಪಬಹುದು. ಎನ್‌ಸಿಎಲ್‌ಟಿ ನೋಟಿಸ್ ಬಂದರೆ ಬೇರೆ ಕೆಲಸ ಬಿಟ್ಟು ಅದನ್ನು ನೋಡಿ. ಮಾತುಕತೆ ಮಾಡುವುದಿದ್ದರೆ ಅಂಗೀಕಾರಕ್ಕೆ ಮೊದಲೇ ಮಾಡಿ.

ಸಾಲ ಪಡೆದವರೂ ಕಂಪನಿಯೇ ಆಗಿದ್ದು ಅವರು ದಿವಾಳಿ ಪ್ರಕ್ರಿಯೆಗೆ ಹೋದರೆ ನಿಮಗೆ ರಕ್ಷಣೆ ಸಿಗುತ್ತದೆಯೇ? ಇಲ್ಲ. ಅವರ ಮೇಲಿನ ವಸೂಲಿಗೆ ಬೀಳುವ ತಡೆ ಜಾಮೀನುದಾರರಿಗೆ ಅನ್ವಯಿಸದು, ದಿವಾಳಿ ಸಂಹಿತೆಯ 14ನೇ ಕಲಮಿನಲ್ಲೇ ಹಾಗೆ ಬರೆದಿದೆ. ದಿವಾಳಿ ಪ್ರಕ್ರಿಯೆಯಲ್ಲಿ ಆ ಕಂಪನಿಯನ್ನು ಉಳಿಸಿ ಸಾಲ ತೀರಿಸುವ ಪರಿಹಾರ ಯೋಜನೆಗೆ ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಜಾಮೀನುದಾರ ಬಿಡುಗಡೆಯಾಗುವುದಿಲ್ಲ ಅಂತ 2021ರ ಲಲಿತ್ ಕುಮಾರ್ ಜೈನ್ ತೀರ್ಪು ಹೇಳುತ್ತದೆ. ಬ್ಯಾಂಕು ಇಬ್ಬರ ಮೇಲೂ ಏಕಕಾಲಕ್ಕೆ ಹೋಗಬಹುದು. ಒಟ್ಟು ಬಾಕಿಗಿಂತ ಜಾಸ್ತಿ ವಸೂಲು ಮಾಡುವಂತಿಲ್ಲ, ಅಷ್ಟೇ.

ಜೊತೆಗೆ ಇನ್ನೊಂದು ಮಾತು. ಶಕ್ತಿ ಇದ್ದೂ ಬೇಡಿಕೆಗೆ ಕಟ್ಟದ ಜಾಮೀನುದಾರರನ್ನು ಉದ್ದೇಶಪೂರ್ವಕ ಸುಸ್ತಿದಾರರ ಪಟ್ಟಿಗೆ ಸೇರಿಸಲು ರಿಸರ್ವ್ ಬ್ಯಾಂಕಿನ ನಿಯಮಗಳು ಅವಕಾಶ ಕೊಡುತ್ತವೆ. 25 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬಾಕಿಗೆ ಇದು ಅನ್ವಯ. ಆ ಪಟ್ಟಿಗೆ ಸೇರಿದರೆ ನಿಮ್ಮ ಕಂಪನಿಯ ಸ್ವಂತ ಸಾಲದ ಬಾಗಿಲೂ ಮುಚ್ಚಿದಂತೆ.

ಏಳನೇ ಹೆಜ್ಜೆ: ರಾಜಿಯಾಗುವುದಿದ್ದರೆ ನೀವೂ ಅದರಲ್ಲಿರಿ

ತಮ್ಮ ಒಬ್ಬನೇ ಹೋಗಿ ಬ್ಯಾಂಕಿನ ಜೊತೆ ಬಾಕಿಯನ್ನು ಒಂದು ಮೊತ್ತಕ್ಕೆ ಮುಗಿಸುವ ಇತ್ಯರ್ಥ ಮಾಡಿಕೊಂಡು ಬಂದರೆ ನೆಮ್ಮದಿಯಾಗಬೇಡಿ. ಆ ಪತ್ರದಲ್ಲಿ ಜಾಮೀನುದಾರ ಕಂಪನಿಯ ಹೆಸರು ಇದೆಯೇ? ‘ಮೊತ್ತ ಕಟ್ಟಿದ ಮೇಲೆ ಗ್ಯಾರಂಟಿಯೂ ರದ್ದು, ಪತ್ರ ವಾಪಸ್’ ಅಂತ ಇದೆಯೇ? ಎರಡನೇ ಕಂತು ತಪ್ಪಿದರೆ ಏನು ಅಂತ ಬರೆದಿದೆ? ಹಲವು ಇತ್ಯರ್ಥ ಪತ್ರಗಳಲ್ಲಿ ಒಂದು ಕಂತು ತಪ್ಪಿದರೂ ಪೂರ್ತಿ ಹಳೆಯ ಬಾಕಿ ಜೀವ ಪಡೆಯುತ್ತದೆ. ಆಗ ಬ್ಯಾಂಕು ಮೊದಲು ನೋಡುವುದು ಹಣ ಇರುವ ನಿಮ್ಮ ಕಂಪನಿಯ ಕಡೆಗೇ. ಬ್ಯಾಂಕು, ತಮ್ಮ, ನಿಮ್ಮ ಕಂಪನಿ ಮೂವರೂ ಸಹಿ ಹಾಕುವ ಒಂದೇ ಕಾಗದ ಮಾಡಿಸಿ.

ಎಂಟನೇ ಹೆಜ್ಜೆ: ಕಟ್ಟಿದ ಮೇಲೆ ವಸೂಲು ಮಾಡಿ

ಸಂಕೋಚ ಜಾಸ್ತಿ ಇರುವುದು ಇಲ್ಲಿ. ಕಂಪನಿ ಹಣ ಕಟ್ಟಿತು, ಬ್ಯಾಂಕಿನ ಕಾಟ ತಪ್ಪಿತು, ತಮ್ಮನ ಹತ್ತಿರ ಕೇಳೋದು ಹೇಗೆ ಅಂತ ಸುಮ್ಮನಾಗುತ್ತಾರೆ. ಆದರೆ ಅದು ಕಂಪನಿಯ ಹಣ. ಕೇಳುವುದು ನಿರ್ದೇಶಕರ ಕರ್ತವ್ಯ.

ಕರಾರು ಕಾಯ್ದೆಯ 140ನೇ ಕಲಂ ಪ್ರಕಾರ ಬಾಕಿ ತೀರಿಸಿದ ಜಾಮೀನುದಾರನಿಗೆ ಬ್ಯಾಂಕಿಗೆ ಸಾಲಗಾರನ ಮೇಲೆ ಇದ್ದ ಹಕ್ಕುಗಳೆಲ್ಲ ಬರುತ್ತವೆ. ತಮ್ಮ ಅಡಮಾನ ಇಟ್ಟ ಸೈಟಿನ ಪತ್ರ ಈಗ ನಿಮಗೆ ಸಿಗಬೇಕು. ಹಣ ಕಟ್ಟುವ ದಿನವೇ ಬ್ಯಾಂಕಿನಿಂದ ಭದ್ರತೆ ವರ್ಗಾಯಿಸುವ ಪತ್ರ ಕೇಳಿ. ಇಲ್ಲದಿದ್ದರೆ ಬ್ಯಾಂಕು ‘ಸಾಲ ತೀರಿತು’ ಅಂತ ಆ ಪತ್ರಗಳನ್ನು ತಮ್ಮನ ಕೈಗೇ ಕೊಟ್ಟುಬಿಡುವ ಸಾಧ್ಯತೆ ಇದೆ. ಸಾಲಗಾರ ದಿವಾಳಿ ಪ್ರಕ್ರಿಯೆಗೆ ಹೋದ ಕಂಪನಿಯಾಗಿದ್ದರೆ ಮಾತ್ರ ಎಚ್ಚರ. ಅಲ್ಲಿನ ಯೋಜನೆ ಜಾಮೀನುದಾರರ ಈ ಹಕ್ಕನ್ನು ಅಳಿಸಿಹಾಕಬಹುದು, ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ 2019ರಲ್ಲಿ ಹಾಗೇ ಆಯಿತು.

145ನೇ ಕಲಂ ಸಾಲಗಾರನಿಂದ ಹಣ ವಾಪಸ್ ಪಡೆಯುವ ಹಕ್ಕು ಕೊಡುತ್ತದೆ. ನ್ಯಾಯವಾಗಿ ಕಟ್ಟಿದ್ದಕ್ಕೆ ಮಾತ್ರ. ಬಲವಾದ ಕಾರಣವಿಲ್ಲದೆ ಬ್ಯಾಂಕಿನ ಜೊತೆ ಕೇಸ್ ಎಳೆದಾಡಿದ ಖರ್ಚನ್ನು ಕೇಳಲಾಗದು. ಕಾಯ್ದೆಯೇ ಅದನ್ನು ಉದಾಹರಣೆ ಕೊಟ್ಟು ಹೇಳುತ್ತದೆ. ದಾವೆ ಹೂಡಲು ಕಟ್ಟಿದ ದಿನದಿಂದ 3 ವರ್ಷ.

ಸಹ ಜಾಮೀನುದಾರರಿದ್ದರೆ ಅವರೂ ಪಾಲು ಕೊಡಬೇಕು. ಮಿತಿ ಇಲ್ಲದ ಮೂವರಿದ್ದರೆ 1 ಕೋಟಿ 80 ಲಕ್ಷದಲ್ಲಿ ತಲಾ 60 ಲಕ್ಷ. ಮಿತಿಗಳು ಬೇರೆಬೇರೆ ಇದ್ದರೆ, ಉದಾಹರಣೆಗೆ 50 ಲಕ್ಷ, 1 ಕೋಟಿ, 2 ಕೋಟಿ ಇದ್ದರೆ, ಮೊದಲನೆಯವರು ತಮ್ಮ ಮಿತಿಯಾದ 50 ಲಕ್ಷ ಕೊಟ್ಟು ನಿಲ್ಲುತ್ತಾರೆ. ಉಳಿದ ಇಬ್ಬರು ತಲಾ 65 ಲಕ್ಷ.

ಕಂಪನಿಯ ಆಸ್ತಿ ಅಡಮಾನದಲ್ಲಿದ್ದರೆ ಕಂಪನಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಭಾರ ತೆಗೆಸಲು ಸಿಎಚ್‌ಜಿ-4 ಅರ್ಜಿ ಹಾಕಿ. ಇದನ್ನು ಮರೆತವರು ಮುಂದಿನ ಸಾಲ ಕೇಳಲು ಹೋದಾಗ ಪರದಾಡುತ್ತಾರೆ.

ಇನ್ನೂ ಸಹಿ ಹಾಕಿಲ್ಲವೇ? ಖಾತೆ ಇನ್ನೂ ಸರಿಯಿದೆಯೇ?

ಸಹಿಗೆ ಮೊದಲು ಸಾಲ ಕೇಳುವವರಿಗೆ ಸಣ್ಣ ಉದ್ಯಮಗಳ ಸಾಲ ಖಾತರಿ ಟ್ರಸ್ಟಿನ ಸಿಜಿಟಿಎಂಎಸ್‌ಇ ಯೋಜನೆ ಬಗ್ಗೆ ಹೇಳಿ. ಸಣ್ಣ ಉದ್ಯಮಗಳ ಸಾಲಕ್ಕೆ ಆ ಟ್ರಸ್ಟೇ ಬ್ಯಾಂಕಿಗೆ ಖಾತರಿ ಕೊಡುತ್ತದೆ. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಅದರಡಿ ಬರುವ ಸಾಲಕ್ಕೆ ಮೂರನೆಯವರ ಜಾಮೀನು ಬೇಕಿಲ್ಲ. ಶಾಖೆಯವರು ತಾವಾಗಿ ಇದನ್ನು ಹೇಳಲಿಕ್ಕಿಲ್ಲ, ನೀವೇ ಕೇಳಿ. ವಿಮಾ ಕಂಪನಿಗಳು 2022ರಿಂದ ಕೊಡುತ್ತಿರುವ ಶ್ಯೂರಿಟಿ ಬಾಂಡ್‌ಗಳನ್ನು ಕೆಲವರು ಇದಕ್ಕೆ ಪರ್ಯಾಯ ಅಂದುಕೊಳ್ಳುತ್ತಾರೆ. ಅವು ರಸ್ತೆ, ಸೇತುವೆಯಂಥ ಗುತ್ತಿಗೆ ಕೆಲಸಗಳಿಗೆ, ಬ್ಯಾಂಕ್ ಸಾಲಕ್ಕಲ್ಲ.

ಜಾಮೀನು ಕೊಡಲೇಬೇಕಾದರೆ ಬಡ್ಡಿಯೂ ಸೇರಿದಂತೆ ಮೊತ್ತಕ್ಕೆ ಒಂದು ಮಿತಿ ಹಾಕಿಸಿ, ಹಕ್ಕು ಬಿಟ್ಟುಕೊಡುವ ಪ್ಯಾರಾದಿಂದ ಕನಿಷ್ಠ 133 ಮತ್ತು 141 ತೆಗೆಯಲು ಕೇಳಿ. ಬ್ಯಾಂಕು ಒಪ್ಪದಿರಬಹುದು, ಆದರೆ ಮೊತ್ತದ ಮಿತಿಗೆ ಒಪ್ಪುವ ಸಾಧ್ಯತೆ ಜಾಸ್ತಿ. ಒಂದೇ ಗುಂಪಿನ ಕಂಪನಿಗಳ ನಡುವಿನ ಜಾಮೀನಿಗೆ ಜಿಎಸ್‌ಟಿ ಕೂಡ ಇದೆ. ಸಾಮಾನ್ಯವಾಗಿ ಜಾಮೀನು ಮೊತ್ತದ ವರ್ಷಕ್ಕೆ 1 ಶೇಕಡಾವನ್ನು ಬೆಲೆ ಅಂತ ಹಿಡಿಯುತ್ತಾರೆ. ಲೆಕ್ಕದವರಿಗೆ ಮೊದಲೇ ತಿಳಿಸಿ.

ಮುಂದುವರಿಯುವ ಜಾಮೀನು ಕೊಟ್ಟು ಈಗ ಕಸಿವಿಸಿಯಾಗುತ್ತಿದ್ದರೆ ಕರಾರು ಕಾಯ್ದೆಯ 130ನೇ ಕಲಂ ನಿಮ್ಮ ಸಹಾಯಕ್ಕಿದೆ. ಬ್ಯಾಂಕಿಗೆ ನೋಟಿಸ್ ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ಜಾಮೀನು ಹಿಂತೆಗೆದುಕೊಳ್ಳಬಹುದು. ಗ್ಯಾರಂಟಿ ಪತ್ರದಲ್ಲಿ ಅದಕ್ಕೆ ಇಷ್ಟು ದಿನದ ಮುನ್ಸೂಚನೆ ಬೇಕು ಅಂತ ಇದೆಯೇ ನೋಡಿಕೊಳ್ಳಿ. ಅಂದಿನವರೆಗಿನ ಬಾಕಿಗೆ ಹೊಣೆ ಉಳಿಯುತ್ತದೆ. ಮಂಡಳಿಯ ನಿರ್ಣಯದ ಪ್ರತಿ ಲಗತ್ತಿಸಿ ಶಾಖೆಗೂ ಪ್ರಾದೇಶಿಕ ಕಚೇರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಆ ದಿನದ ಬಾಕಿ ಎಷ್ಟು ಅಂತ ಬ್ಯಾಂಕಿನಿಂದಲೇ ಬರಹದಲ್ಲಿ ಪಡೆದು, ಅಂಚೆಯ ಸ್ವೀಕೃತಿ ಜೊತೆ ಗ್ಯಾರಂಟಿ ಪತ್ರದ ಫೈಲಿನಲ್ಲೇ ಇಡಿ.